ಯಾರೂ ಸಹಿ ಕೇಳದ ಆಟಗಾರ

ನನ್ನ ಗಂಡ ಕೊಚ್ಚಿಯ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಡಿಫೆಂಡರ್ ಆಗಿದ್ದರು. ಎದುರಿನವರು ಗೋಲು ಹೊಡೆಯದಂತೆ ತಡೆಯುವುದು ಅವರ ಕೆಲಸ. ನಾನು ಅಲ್ಲೇ ವಿಲ್ಲಿಂಗ್ಡನ್ ಐಲ್ಯಾಂಡಿನ ಬ್ಯಾಂಕಿನಲ್ಲಿ ಕ್ಲರ್ಕ್. ಇಬ್ಬರೂ ಕಾಸರಗೋಡಿನವರು.

ಬ್ಯಾಂಕಿನವರು ಹೊಸ ಜರ್ಸಿ ತಂದು ನನ್ನ ಟೇಬಲ್ಲಿನ ಮೇಲಿಟ್ಟು, ಮಲಯಾಳದಲ್ಲಿ ಅಕ್ಕಾ ಎಂದು ಕರೆದು ಕೇಳುತ್ತಿದ್ದರು. "ಚೇಚಿ, ಇದಕ್ಕೆ ಗೋಲು ಹೊಡೆಯುವ ಆ ಸ್ಟ್ರೈಕರನ ಸಹಿ ಹಾಕಿಸಿ ಕೊಡಬೇಕು." ಕೆಲವರಿಗೆ ಗೋಲ್‌ಕೀಪರನದ್ದು ಬೇಕು. ನನ್ನ ಗಂಡನ ಸಹಿಯನ್ನು ಒಬ್ಬರೂ ಕೇಳಿದ್ದಿಲ್ಲ. ಅವರೋ, ಜರ್ಸಿಗಳನ್ನು ಕಿಟ್ ಬ್ಯಾಗಿಗೆ ತುಂಬಿಕೊಂಡು ಹೋಗಿ, ಸಹಿ ಹಾಕಿಸಿ, ನೀಟಾಗಿ ಮಡಚಿ ತಂದುಕೊಡುತ್ತಿದ್ದರು. ನಮ್ಮ ಮಗಳಿಗೂ ಬೇಕಾದದ್ದು ಸ್ಟ್ರೈಕರನ ನಂಬರಿನ ಅಂಗಿಯೇ. ಅದನ್ನೂ ಅವರೇ ಕೊಡಿಸಿದರು.

ಕಳೆದ ಸೀಸನ್ನಿನ ಕೊನೆಗೆ ಇವರ ಕಾಂಟ್ರಾಕ್ಟ್ ಮುಗಿಯುವುದಿತ್ತು. ಕ್ಲಬ್ಬಿನ ಮ್ಯಾನೇಜರ್ ಕರೆದು, ಆಟದ ಬಗ್ಗೆ ದೂರಿಲ್ಲ, ಆದರೆ ಜನಕ್ಕೆ ನಿಮ್ಮ ಗುರುತಿಲ್ಲ, ಪೋಸ್ಟರಿಗೆ ಬೇಕಾಗುವವರನ್ನು ಮೊದಲು ಉಳಿಸಿಕೊಳ್ಳುತ್ತೇವೆ ಎಂದರಂತೆ. ಅವತ್ತು ಇವರು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದರು. "ಎಂತ ಮಾಡಿದ್ರೆ ಗುರುತಾಗ್ತದೆ ಮಾರಾಯ್ತಿ? ನೀನೇ ಹೇಳು," ಎಂದರು.

ಮುಂದಿನ ಪಂದ್ಯ ತಿರುವನಂತಪುರದಲ್ಲಿ. ಮಗಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ಎರಡೂ ಕಡೆ ಗೋಲಿಲ್ಲ, ಆಟ ಮುಗಿಯುತ್ತ ಬಂದಿತ್ತು. ಆಗ ಹಿಂದೆ ನಿಲ್ಲಬೇಕಾದ ಇವರು ಚೆಂಡನ್ನು ಕಾಲಲ್ಲಿ ತಳ್ಳುತ್ತ ಮುಂದೆ ಓಡತೊಡಗಿದರು. ಒಬ್ಬನನ್ನು ದಾಟಿದರು, ಇನ್ನೊಬ್ಬನನ್ನೂ ದಾಟಿದರು. ಸ್ಟ್ರೈಕರ್ ಕೈಯೆತ್ತಿ ಕೂಗುತ್ತಿದ್ದರೂ ಪಾಸ್ ಕೊಡಲಿಲ್ಲ. ಸುತ್ತಲಿನವರು ಖುಷಿಯಿಂದ ಎದ್ದು ನಿಂತರು. ನಾನು ಮಾತ್ರ ಏಳಲಿಲ್ಲ. ಯಾಕೆ ಓಡುತ್ತಿದ್ದಾರೆಂದು ನನಗೆ ಗೊತ್ತಿತ್ತಲ್ಲ. ಅವರು ಹೊಡೆದ ಚೆಂಡು ಯಾರದೋ ಕಾಲಿಗೆ ಬಡಿದು ಎದುರಾಳಿಗೆ ಸಿಕ್ಕಿತು. ಇವರು ಬಿಟ್ಟು ಬಂದ ಜಾಗ ಖಾಲಿ ಬಿದ್ದಿತ್ತು. ಹಿಂದಕ್ಕೆ ಓಡಿ ಬರುವಷ್ಟರಲ್ಲಿ ಗೋಲಾಯಿತು.

ಕೊಚ್ಚಿಯಿಂದ ಬಂದಿದ್ದ ನಮ್ಮ ಅಭಿಮಾನಿಗಳೇ ಅವರ ಹೆಸರು ಹಿಡಿದು ಬೈದರು. ಮಗಳು ಕಿವಿ ಮುಚ್ಚಿಕೊಂಡು, "ಅಮ್ಮೇ, ನಮುಕ್ಕು ಪೋಗಾಂ," ಎಂದಳು. ಹೋಗೋಣವೆಂದು ಹೇಳಿಯೂ ಆಟ ಮುಗಿಯುವವರೆಗೆ ಅಲ್ಲೇ ಕೂತಿದ್ದೆ.

ಮರುದಿನ ಅವರು ಮನೆಗೆ ಬಂದಾಗ ಕೇಳಿದೆ. "ಅವನಿಗೆ ಪಾಸ್ ಕೊಡ್ಲಿಕ್ಕೆ ಆಗ್ತಿರ್ಲಿಲ್ವಾ?"

"ಕೊಡ್ಬಹುದಿತ್ತು." ಶೂ ಬಿಚ್ಚದೆ ಬಾಗಿಲ ಬಳಿಯೇ ಕೂತರು. "ಒಂದು ಸಲ ನನ್ನನ್ನೂ ನೋಡ್ಲಿ ಅಂತ ಆಯ್ತು."

ಸ್ಟ್ರೈಕರನನ್ನು ಕ್ಲಬ್ ಉಳಿಸಿಕೊಂಡಿತು, ಇವರನ್ನು ಬಿಟ್ಟಿತು. ಬೇರೆ ಕ್ಲಬ್ಬುಗಳಿಂದಲೂ ಕರೆ ಬರಲಿಲ್ಲ. ಮೊನ್ನೆ ತಿರುವನಂತಪುರದ ಕಡೆಯ ತುಂಬ ಎಂಬ ಊರಿನ ಹತ್ತಿರದ ಶಾಲೆಯೊಂದಕ್ಕೆ ಕೋಚ್ ಕೆಲಸ ಕೇಳಲು ಹೋಗಿದ್ದರು. ಅಲ್ಲಿನ ಹೆಡ್‌ಮಾಸ್ಟರ್ ಮೊದಲು ಕೇಳಿದ್ದು, ಎಷ್ಟು ಗೋಲು ಹೊಡೆದಿದ್ದೀರಿ ಎಂದು.

"ನೀವೆಂತ ಹೇಳಿದ್ರಿ?"

"ಹತ್ತು ಅಂತ ಸುಳ್ಳು ಹೇಳಿದೆ," ಎಂದು ಮುಖ ತಿರುಗಿಸಿದರು.

ಶಾಲೆಯವರು ಫೋನ್ ಮಾಡುತ್ತೇವೆ ಅಂದಿದ್ದಾರಂತೆ. ಈಗ ಸ್ನಾನಕ್ಕೆ ಹೋಗುವಾಗಲೂ ಅವರು ಫೋನನ್ನು ಒಳಗೇ ಒಯ್ಯುತ್ತಾರೆ.