ಕುವೈತಿಗೆ ಇಟ್ಟ ಡಬ್ಬಿಗಳು

ನಿನ್ನೆ ಅಂಗಡಿಯಿಂದ ತಂದ ತುಪ್ಪದ ಡಬ್ಬಿ ತೆರೆದೆ. ಮೇಲೆ ತುಪ್ಪದ ಘಮ, ಅದರಡಿ ವನಸ್ಪತಿಯ ಜಿಡ್ಡು ವಾಸನೆ. ಚಮಚ ಹಿಡಿದ ಕೈ ಅಲ್ಲೇ ನಿಂತಿತು. ಭಾಗ್ಯನಗರದ ಆ ಬೆಳಗು ಎದ್ದು ಬಂತು...

ನಾನು ಸೊಸೆಯಾಗಿ ಬಂದ ಓಣಿಯಲ್ಲಿ ಪಕ್ಕದ ಮನೆಯವರು ತುಪ್ಪದ ವ್ಯಾಪಾರಿ. ಊರಿಗೆಲ್ಲ ಕಾಕಾ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಣ್ಣೆ ತರಿಸಿ ಹಿತ್ತಲಲ್ಲಿ ಕಾಯಿಸಿ ಕೊಲ್ಲಿ ದೇಶಗಳಿಗೆ ಕಳಿಸುತ್ತಿದ್ದರು. ನನಗೆ ಟೈಪಿಂಗ್ ಬರುತ್ತಿತ್ತು. ಅವರ ಇಂಗ್ಲಿಷ್ ಕಾಗದಪತ್ರ ನನ್ನ ಪಾಲಿಗೆ. ಕಾಕಾಗೆ ಒಬ್ಬಳೇ ಮಗಳು. ಅಳಿಯ ಮನೆಯಲ್ಲೇ ಇದ್ದು ವ್ಯಾಪಾರ ನೋಡುತ್ತಿದ್ದ.

ಕೊಲ್ಲಿ ಯುದ್ಧ ಮುಗಿದ ಹೊಸತು. ತುಪ್ಪ ಹೊರದೇಶಕ್ಕೆ ಹೋಗಬೇಕೆಂದರೆ ಸರ್ಕಾರದ ಅಪ್ಪಣೆ ಬೇಕು. ಆ ವರ್ಷ ಕಾಕಾ ಕೇಳಿದ್ದರಲ್ಲಿ ಅರ್ಧಕ್ಕಷ್ಟೇ ಅಪ್ಪಣೆ ಸಿಕ್ಕಿತು. ಗಿರಾಕಿಗಳು ಇಬ್ಬರು: ದುಬೈನ ದೊಡ್ಡ ಸಾಹುಕಾರ, ಮತ್ತೊಬ್ಬ ಕುವೈತಿನ ಮುದುಕ. ಯುದ್ಧದಲ್ಲಿ ಅಂಗಡಿ ಸುಟ್ಟು, ಆಗಷ್ಟೇ ಮತ್ತೆ ಬಾಗಿಲು ತೆಗೆದಿದ್ದವನು. ಎಲ್ಲವನ್ನೂ ದುಬೈಗೇ ಕಳಿಸೋಣ ಎಂದ ಅಳಿಯ.

"ಅಂವಾ ಬಿದ್ದಾಗ ಕೈ ಬಿಟ್ರ ಅದೆಂಥಾ ಯಾಪಾರೋ? ಇಬ್ಬರಿಗೂ ಸಮ ಹಂಚು," ಎಂದರು ಕಾಕಾ.

ಲಾರಿ ಬಂದ ಬೆಳಿಗ್ಗೆ ಕಾಗದ ಕೊಡಲು ಹೋಗಿದ್ದೆ. ಕಾಕಾ ಕುವೈತಿಗೆ ಇಟ್ಟಿದ್ದ ಒಂದು ಡಬ್ಬಿ ತೆಗೆಸಿ, ತುಸು ಅಂಗೈಗೆ ತಿಕ್ಕಿ ಮೂಸಿದರು. ಮುಖ ಬಿಳಿಚಿತು. ಇನ್ನೊಂದು ತೆಗೆಸಿದರು, ಮತ್ತೊಂದು... ಎಲ್ಲದರಲ್ಲೂ ವನಸ್ಪತಿ ಬೆರಕೆ. ದುಬೈನವು ಮಾತ್ರ ಚೊಕ್ಕ.

ಅಳಿಯ ತಲೆ ತಗ್ಗಿಸಲೂ ಇಲ್ಲ. "ಸುಟ್ಟ ಊರಾಗ ಪರೀಕ್ಷಾ ಮಾಡವ್ರು ಯಾರದಾರ್ರಿ ಮಾಮಾ? ಹಸದವ್ರು ಏನ್ ಕೊಟ್ರೂ ತಿಂತಾರ."

ದಿನವೂ ನಮ್ಮ ಮನೆಯ ಕೂಸನ್ನು ಎತ್ತಿ ಆಡಿಸುತ್ತಿದ್ದ ಮನುಷ್ಯ ಅವನು.

ಕಾಕಾ ಕೂಗಾಡಲಿಲ್ಲ. ದುಬೈಗೆ ಇಟ್ಟಿದ್ದನ್ನೇ ಕುವೈತಿನ ಹೆಸರಿಗೆ ಲಾರಿ ಏರಿಸಿದರು. ಕೆಟ್ಟದ್ದನ್ನು ಹಿತ್ತಲ ಗುಂಡಿಗೆ ತಾವೇ ಸುರಿದರು. ಆಮೇಲೆ ಅಳಿಯನ ಕಡೆ ತಿರುಗಿ, "ಮನಿ ಬಿಟ್ಟು ನಡಿ," ಎಂದರು.

ಮಗಳು ಹೊಸ್ತಿಲಲ್ಲಿ ನಿಂತಿದ್ದಳು. ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ಗಂಡನ ಹಿಂದೆ ಇಳಿದು ಹೋದಳು. ಕಾಕಾ ತಡೆಯುತ್ತಾರೆ ಅಂದುಕೊಂಡೆ. ತಡೆಯಲಿಲ್ಲ. ಲಾರಿ ಹೊರಟಮೇಲೆ ಖಾಲಿ ಹಂಡೆಯ ಪಕ್ಕ ಕೂತವರು ಮಧ್ಯಾಹ್ನದವರೆಗೂ ಏಳಲಿಲ್ಲ. ಮತ್ತೆಂದೂ ಆ ಹಿತ್ತಲಲ್ಲಿ ಒಲೆ ಹೊತ್ತಲಿಲ್ಲ.

ಕಾಕಾ ತೀರಿಕೊಂಡು ವರ್ಷಗಳಾದವು. ಮಣ್ಣಿಗೂ ಮಗಳು ಬರಲಿಲ್ಲ. ಸುದ್ದಿ ಮುಟ್ಟಿಸಲು ಯಾರ ಬಳಿಯೂ ವಿಳಾಸ ಇರಲಿಲ್ಲ.

ಹೋದ ತಿಂಗಳು ಹುಲಿಗಿ ಗುಡಿಗೆ ಹೋದಾಗ, ಹೊಳೆಯ ಮೆಟ್ಟಿಲ ಮೇಲೆ, ಕೂದಲು ನೆರೆತ ಹೆಂಗಸೊಬ್ಬಳು ನನ್ನ ಕೈ ಹಿಡಿದಳು. ಗುರುತು ಹತ್ತಲು ಹೊತ್ತಾಯಿತು. ಆಕೆ ಕೇಳಿದ್ದು ಒಂದೇ ಮಾತು.

"ಅಪ್ಪ ಕಡೀಗೆ ನನ್ನ ಕೇಳಿದ್ನೇನ್ರಿ ಅಕ್ಕಾರ?"

ಅಷ್ಟು ವರ್ಷ ಕಾಕಾ ಒಮ್ಮೆಯೂ ಆಕೆಯ ಹೆಸರು ಎತ್ತಿರಲಿಲ್ಲ.

"ಕೇಳತಿದ್ರವಾ," ಎಂದೆ.

ಆಕೆ ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಂಬಲಿಲ್ಲ ಅನಿಸುತ್ತದೆ... ಆದರೂ ಕೈ ಬಿಡಲಿಲ್ಲ.