ಹೆಬ್ಬೂರು ಸೋಮಶೇಖರ್ ಮತ್ತು ಮಿತ್ರರು

ನಿಮ್ಗೆ ಯಾವತ್ತಾದ್ರೂ ಹಿಂಗಾಗಿದ್ಯಾ? ಒಂದು ಹಾಡು ಕೇಳಿ ನಿಮ್ ಮೈಯೆಲ್ಲ ಜುಂ ಅಂದಿರುತ್ತೆ, ಪಕ್ಕದಲ್ಲಿ ಕೂತಿರೋರು ಮಡಿಲಲ್ಲಿರೋ ಕಡ್ಲೆಕಾಯಿ ಸಿಪ್ಪೆ ಕೊಡವ್ಕೊಂಡು "ಇದ್ಯಾವಾಗ್ ಮುಗಿಯುತ್ತೋ" ಅಂತಿರ್ತಾರೆ. ಆಗ ನೀವೇನ್ ಮಾಡ್ತೀರಿ? ಎದ್ ನಿಂತು "ನಂಗಿದು ಇಷ್ಟ" ಅಂತೀರಾ, ಇಲ್ಲ ಸುಮ್ನೆ ನೀವೂ ಒಂದು ಕಡ್ಲೆಕಾಯಿ ಸುಲೀತೀರಾ? ನಾನು ಎರಡೂ ಮಾಡ್ಲಿಲ್ಲ. ಮೂರನೇದೊಂದು ಮಾಡ್ದೆ. ಅದನ್ನ ಇಷ್ಟು ವರ್ಷ ಯಾರ್ಗೂ ಹೇಳಿಲ್ಲ, ಇವತ್ತು ಹೇಳ್ತೀನಿ. ಬೈಯೋರು ಕೊನೇಲಿ ಬೈರಿ, ಮಧ್ಯದಲ್ಲಿ ಬೇಡ.

ಎಂಬತ್ತರ ದಶಕದ ನಡುಮಧ್ಯದ ಮಾತು. ನಾನು ಕುಣಿಗಲ್‌ನೋಳು, ತುಮಕೂರಲ್ಲಿ ಹಾಸ್ಟೆಲ್‌ನಲ್ಲಿದ್ಕೊಂಡು ಪಿಯುಸಿ ಓದ್ತಿದ್ದೆ. ಓದ್ತಿದ್ದೆ ಅನ್ನೋದು ನಮ್ಮಪ್ಪನ ನಂಬಿಕೆ. ರೂಮಲ್ಲಿ ಜೊತೆಗಿದ್ದೋಳು ಮಂಗಳ, ಗುಬ್ಬಿಯೋಳು. ಆ ವರ್ಷ ಗಣಪತಿ ಹಬ್ಬಕ್ಕೆ ಅವ್ಳ ಮನೆಗೆ ಹೋಗಿದ್ದೆ. ಸಂಜೆ ಪೆಂಡಾಲ್ ಮುಂದೆ ಆರ್ಕೆಸ್ಟ್ರಾ ಇತ್ತು. ಬಟ್ಟೆ ಬ್ಯಾನರ್ ಮೇಲೆ ಬರೆದಿತ್ತು: ಥಂಡರ್ ಬಾಯ್ಸ್ ಮ್ಯೂಸಿಕಲ್ ಪಾರ್ಟಿ, ಗುಬ್ಬಿ. ರಾಕ್ ಬ್ಯಾಂಡ್ ಅನ್ನೋ ಪದ ನಮ್ ಕಡೆಗೆ ಇನ್ನೂ ಬಸ್ ಹತ್ತಿರ್ಲಿಲ್ಲ. ವೈರ್ ಇರೋ ಗಿಟಾರ್ ಇದ್ರೆ ಆರ್ಕೆಸ್ಟ್ರಾ, ಇಲ್ದಿದ್ರೆ ಭಜನೆ, ಅಷ್ಟೇ.

ಥಂಡರ್ ಬಾಯ್ಸ್ ಅಂದ್ರೆ ಮೂರು ಜನ. ಗಿಟಾರೂ ಗಂಟಲೂ ರೇಣುದು. ಪೂರ್ತಿ ಹೆಸ್ರು ರೇಣುಕಪ್ಪ, ಮಂಗಳನ ಅಣ್ಣ ನಂಜಣ್ಣನ ಜೊತೆ ಓದಿದೋನು. ಅವ್ನ ಗಿಟಾರು ಯಾರ್ದೋ ಮನೆ ಬಾಗ್ಲಿಗೆ ತಂದು ಮಿಕ್ಕಿದ್ದ ಹಲಸಿನ ಮರದ ತುಂಡಲ್ಲಿ ಮಾಡಿದ್ದು. ಒಳಗಿನ ವೈರೆಲ್ಲ ಊರಿನ ರೇಡಿಯೋ ರಿಪೇರಿಯೋನ ಕೈಚಳಕ. ಆನ್ ಮಾಡಿದ್ರೆ ಮೊದ್ಲು ಪ್ರದೇಶ ಸಮಾಚಾರ ಬರುತ್ತೆ, ಆಮೇಲೆ ಹಾಡು ಅಂತ ಊರಲ್ಲಿ ಆಡ್ಕೊಳೋರು. ಡ್ರಮ್ಮಿಗೆ ಇನಾಯತ್, ಮದ್ವೆ ಬ್ಯಾಂಡ್‌ಸೆಟ್ಟಿನೋನು. ಆರ್ಗನ್ ಬಾರ್ಸೋನು ಒಂದೊಂದ್ ಪ್ರೋಗ್ರಾಮ್ಗೆ ಒಬ್ಬೊಬ್ಬ.

ಎಲ್ಲಾ ಪಿಚ್ಚರ್ ಹಾಡೇ ಹಾಡಿದ್ರು. ನಡುವೆ ರೇಣು ಮೈಕ್ ಹತ್ರ ಬಂದು, "ಈಗೊಂದು ನಮ್ದೇ ಹಾಡು" ಅಂದ. ಜನಕ್ಕೆ ಅದೇ ಸಿಗ್ನಲ್ಲು. ಅರ್ಧ ಗಂಡಸ್ರು ಬೀಡಿ ಹಚ್ಚಕ್ಕೆ ಎದ್ರು, ಅರ್ಧ ಹೆಂಗಸ್ರು ಮಕ್ಕಳನ್ನ ಎತ್ಕೊಂಡು ಎದ್ರು. ರೇಣು ಕಣ್ಮುಚ್ಕೊಂಡು ಶುರು ಮಾಡ್ದ.

"ಹುತ್ರಿದುರ್ಗ ಹತ್ತಿ ಕೂಗ್ದೆ, ಯಾರಾದ್ರೂ ಇದೀರಾ,
ಬಂಡೆ ಕೇಳ್ತು, ಗಾಳಿ ಕೇಳ್ತು, ನೀವೆಲ್ಲಿ ಹೋದ್ರಿ."

"ಇದೀರಾ" ಅಂದ್ಮೇಲೆ ನಿಲ್ಸ್‌ಬಿಡೋನು. ಗಿಟಾರಿಲ್ಲ, ಡ್ರಮ್ಮಿಲ್ಲ, ಏನೂ ಇಲ್ಲ. ನಾಲ್ಕು ಎಣಿಸೋಷ್ಟು ಹೊತ್ತು ಯಾರಾದ್ರೂ ಉತ್ತರ ಕೊಡ್ತಾರೇನೋ ಅಂತ ಕಾಯೋ ಹಂಗೆ ನಿಂತಿರೋನು. ಆಮೇಲೆ ಇನಾಯತ್ ಸಿಕ್ಕಾಪಟ್ಟೆ ಬಡಿಯೋನು, ನಮ್ ಎದೆಗೇ ಬಡಿದಂಗೆ. ಅವತ್ತು ಆ ಖಾಲಿ ಜಾಗದಲ್ಲಿ ಹಿಂದಿನಿಂದ ಒಬ್ಬ ಕೂಗ್ದ, "ಯಾರೂ ಇಲ್ಲ ಕಣ್ಲಾ, ಪಿಚ್ಚರ್ ಹಾಡು ಹಾಕ್ಲಾ!" ಪೆಂಡಾಲೆಲ್ಲ ನಗು. ನಾನು, ಮಂಗಳ ಮಾತ್ರ ಒಬ್ರ ಕೈ ಒಬ್ರು ಹಿಡ್ಕೊಂಡು ಕೂತಿದ್ವಿ. ಹಂಗಿರೋ ಹಾಡು ಅದಕ್ಕೆ ಮುಂಚೆ ಕೇಳಿರ್ಲಿಲ್ಲ. ಆಮೇಲೂ ಕೇಳಿಲ್ಲ.

ಆಗೆಲ್ಲ ಆರ್ಕೆಸ್ಟ್ರಾದಲ್ಲಿ ಚೀಟಿ ಕಳ್ಸೋ ಪದ್ಧತಿ. ಕಮಿಟಿಯೋರು ಸ್ಟೀಲ್ ತಟ್ಟೆ ಹಿಡ್ಕೊಂಡು ಓಡಾಡೋರು. ಬೇಕಾದ ಹಾಡು, ನಿಮ್ ಹೆಸ್ರು, ಊರು ಬರೆದು ಹಾಕಿದ್ರೆ ಅನೌನ್ಸರ್ ಮೈಕಲ್ಲಿ ಓದೋನು. ನಾವೂ ಬರೆದ್ವಿ, ಪ್ರಾಮಾಣಿಕವಾಗಿ. "ಯಾರಾದ್ರೂ ಇದೀರಾ ಹಾಡು ಇನ್ನೊಂದು ಸಲ. ಮಂಗಳ ಮತ್ತು ಗೆಳತಿ." ಅನೌನ್ಸರ್ "ಮಂಗ್ಳಾ..." ಅಂತ ರಾಗ ಎಳೆದ. ಗಂಡುಡುಗ್ರೆಲ್ಲ ಶಿಳ್ಳೆ. ಹಾಡಿನ ಮಾತೇ ಹೋಯ್ತು.

ಮನೆಗೆ ಬಂದ್ಮೇಲೆ ನಂಜಣ್ಣ ಕುಣಿದಾಡ್ಬಿಟ್ಟ. "ಮನೆ ಹೆಣ್ಮಕ್ಳ ಹೆಸ್ರು ಮೈಕಲ್ಲಿ ಬರೋ ಹಂಗಾಯ್ತೇನೇ? ಇನ್ನೊಂದ್ಸಲ ಹಿಂಗಾದ್ರೆ ಕಾಲೇಜು ಬಂದ್, ಮೂರ್ ತಿಂಗ್ಳಲ್ಲಿ ಮದ್ವೆ. ನೋಡ್ತಿರು."

ಸರಿ, ಹೆಣ್ಮಕ್ಳ ಹೆಸ್ರು ಬರಬಾರ್ದು ತಾನೆ? ಬರ್ಲೇ ಇಲ್ಲ.

ಮುಂದಿನ ತಿಂಗ್ಳು ತುಮಕೂರಲ್ಲಿ ಥಂಡರ್ ಬಾಯ್ಸ್ ಪ್ರೋಗ್ರಾಮು. ಹಾಸ್ಟೆಲ್‌ನಿಂದ ಗುಂಪಾಗಿ ಹೋಗಕ್ಕೆ ಪರ್ಮಿಷನ್ ಸಿಕ್ತು. ನಾನು ಕೆಮಿಸ್ಟ್ರಿ ರೆಕಾರ್ಡ್ ಬುಕ್ಕಿಂದ ಹಾಳೆ ಹರ್ಕೊಂಡು ಹೋಗಿದ್ದೆ. ಎಡಗೈಲಿ ಒಂದು ಬರೆದೆ: "ಯಾರಾದ್ರೂ ಇದೀರಾ ಹಾಡು. ಇಂತಿ, ಸೋಮಶೇಖರ್ ಮತ್ತು ಮಿತ್ರರು, ಹೆಬ್ಬೂರು." ಮಂಗಳ ಬರೆದ್ಲು: "ಲಾರಿ ಡ್ರೈವರ್ ಗಂಗಣ್ಣ, ಯಡಿಯೂರು." ಅನೌನ್ಸರ್ ಎರಡೂ ಓದ್ದ. ರೇಣು ಮುಖ ಹೆಂಗಾಯ್ತು ಅಂತೀರಾ! ಯಾರೋ ಅವ್ನ ಬೆನ್ನ ಮೇಲಿಂದ ಮೂಟೆ ಇಳಿಸ್ದಂಗೆ. ಆ ಮುಖ ಒಂದ್ಸಲ ನೋಡಿದ್ಮೇಲೆ ನಾವು ನಿಲ್ಲೋ ಪೈಕಿ ಅಲ್ಲ.

ವಚನಕಾರ್ರು ತಮ್ ಹೆಸ್ರು ಬರೀತಿರ್ಲಿಲ್ಲ, ದೇವ್ರ ಹೆಸ್ರು ಹಾಕೋರು, ಅಂಕಿತ ಅಂತ. ನಾವೂ ಅದೇ ದಾರಿ ಅಂತ ಸಮಾಧಾನ ಮಾಡ್ಕೊಂಡಿದ್ವಿ. ಒಂದೇ ವ್ಯತ್ಯಾಸ, ಅವ್ರು ಹೆಸ್ರು ಬಿಟ್ಟಿದ್ದು ದೊಡ್ಡತನಕ್ಕೆ, ನಾವು ನಂಜಣ್ಣನ ಭಯಕ್ಕೆ. ನೋಡ್ತಾ ನೋಡ್ತಾ ನಮ್ ಸೋಮಶೇಖರಂಗೆ ಸಂಸಾರ ಬೆಳೀತು. ಗಂಗಣ್ಣ ಒಂದ್ಸಲ ಟೈರ್ ಪಂಕ್ಚರ್ ಆದ್ರೂ ಹಾಡಿಗೋಸ್ಕರ ಬಂದೆ ಅಂತ ಬರೆದ. ಕುಣಿಗಲ್‌ನಲ್ಲಿ ರಾಜ್ಯೋತ್ಸವದ ಪ್ರೋಗ್ರಾಮ್ಗೆ ನಾವಿಬ್ರೇ ಇಪ್ಪತ್ತು ಚೀಟಿ ಹಾಕಿದ್ವಿ. ತಟ್ಟೆ ತುಂಬೋಯ್ತು. "ಟೈಮಿಲ್ಲ ಸ್ವಾಮಿ, ಅಷ್ಟನ್ನೂ ಓದಕ್ಕಾಗಲ್ಲ" ಅಂತ ಅನೌನ್ಸರ್ ಮಿಕ್ಕಿದ ಚೀಟಿನೆಲ್ಲ ರೇಣು ಕೈಗೇ ಕೊಟ್ಟ. ಇದನ್ನ ನೆನಪಲ್ಲಿಟ್ಕೊಳಿ, ಆಮೇಲೆ ಬೇಕಾಗುತ್ತೆ.

ಅವರೇಕಾಯಿ ಕಾಲ ಬಂತು. ಶನಿವಾರ ಮಧ್ಯಾಹ್ನ, ಗುಬ್ಬೀಲಿ ಮಂಗಳನ ಮನೆ ಬಾಗಿಲ ಹಿಂದೆ ಕೂತ್ಕೊಂಡು ನಾವಿಬ್ರೂ ಹಿತ್ಕಿದ್ ಬೇಳೆ ಮಾಡ್ತಿದ್ವಿ. ಹೊರಗೆ ಜಗಲಿ ಮೇಲೆ ರೇಣು ಬಂದು ಕೂತ, ಕೈಯಲ್ಲಿ ಬಿಸ್ಕತ್ ಡಬ್ಬ.

"ಏನ್ಲಾ ಡಬ್ಬ ಹಿಡ್ಕೊಂಡ್ ಬಂದಿದೀಯ? ತುಮಕೂರ್ ಸತ್ಯಮಂಗಲದ ಫ್ಯಾಕ್ಟ್ರೀಲಿ ಕೆಲ್ಸ ಸಿಕ್ತಂತಲ್ಲ, ಸ್ವೀಟ್ ತಂದ್ಯೋ?" ಅಂದ ನಂಜಣ್ಣ. ಆ ಕೆಲ್ಸ ರೇಣು ಮಾವ ಯಾರ್ಯಾರ್ದೋ ಕೈಕಾಲು ಹಿಡಿದು ಮಾಡ್ಸಿದ್ದು. ಸೋಮವಾರ ಹೋಗಿ ಸೇರ್ಕೋಬೇಕಿತ್ತು.

"ಕೆಲ್ಸಕ್ಕೆ ಹೋಗಲ್ಲ ಕಣ್ಲಾ."

"ತಲೆಗಿಲೆ ಕೆಟ್ಟಿದ್ಯಾ?"

"ನೋಡಿಲ್ಲಿ, ಎಲ್ಲಾ ಚೀಟಿ. ಹೆಬ್ಬೂರ್ನೋರು ತುಮಕೂರ್ಗೂ ಬಂದವ್ರೆ, ಕುಣಿಗಲ್ಗೂ ಬಂದವ್ರೆ. ಯಡಿಯೂರ್ ಗಂಗಣ್ಣ ಲಾರಿ ನಿಲ್ಸಿ ಬರ್ತಾನೆ. ನಂಜ, ಜನ ಅವ್ರೆ ಕಣ್ಲಾ. ಬರೀ ನಮ್ ಹಾಡಿಂದೇ ಒಂದು ಪ್ರೋಗ್ರಾಮ್ ಮಾಡ್ತೀನಿ, ತುಮಕೂರಲ್ಲಿ, ಹಾಲ್‌ನಲ್ಲಿ."

"ಅದೇನ್ ಹಾಡ್ಲಾ ನಿಂದು, ಹಲ್ ಕೀಳ್ಸ್ಕೊಂಡಂಗೈತೆ. ಸುಮ್ಕೆ ಕೆಲ್ಸಕ್ಕೆ ಸೇರ್ಕೊ, ಬುಡು."

ಒಳಗೆ ಮಂಗಳ ನನ್ ತೊಡೆ ಜಿಗುಟಿದ್ಲು. "ಹೇಳ್ಬಿಡಣ ಕಣೇ. ಕೆಲ್ಸ ಬಿಡ್ತವ್ನೆ."

"ಹೇಳು, ನಾಳೆ ನಿಮ್ಮಣ್ಣ ನಿಂಗೆ ಗಂಡು ಹುಡುಕ್ತಾನೆ. ಸುಮ್ನೆ ಬೇಳೆ ಹಿತ್ಕು" ಅಂದೆ. ಅಂದೋಳು ನಾನೇ.

ಆಮೇಲೆ ರೇಣು ನೀರು ಕೇಳ್ದ. ಚೊಂಬು ತಗೊಂಡು ಹೋಗಿದ್ದೂ ನಾನೇ. ಗಟಗಟ ಕುಡಿದು, ನೆಲ ನೋಡ್ಕೊಂಡೇ ಕೇಳ್ದ, "ನೀವೂ ಕೇಳಿದೀರೇನಮ್ಮ ನಮ್ ಹಾಡ? ಏನನ್ಸುತ್ತೆ?"

ಇಷ್ಟು ವರ್ಷದಲ್ಲಿ ನಂಗೆ ಎಷ್ಟೋ ಜನ ಎಷ್ಟೋ ಪ್ರಶ್ನೆ ಕೇಳಿದಾರೆ. ಅದಕ್ಕಿಂತ ಸುಲಭದ್ದು ಯಾರೂ ಕೇಳಿಲ್ಲ. "ನಂಗೆ ಬಾಳ ಇಷ್ಟ ಅಣ್ಣ" ಅಂದಿದ್ರೆ ಮುಗೀತಿತ್ತು. ನಿಜವಾದ ಒಂದ್ ಚೀಟಿ ಸಿಕ್ತಿತ್ತು ಅವ್ನಿಗೆ. ಪಕ್ಕದಲ್ಲಿ ನಂಜಣ್ಣ ಇದ್ದ. ನಾನು ಹೇಳಿದ್ದು ಇದು: "ಬಾಳ ಜನ ಕಾಯ್ತಾರಂತೆ ಅಣ್ಣ, ನಿಮ್ ಹಾಡಿಗೆ."

"ನೋಡ್ದೇನ್ಲಾ!" ಅಂತ ರೇಣು ನಂಜಣ್ಣನ ಭುಜಕ್ಕೆ ಹೊಡೆದ. ಸೋಮವಾರ ಫ್ಯಾಕ್ಟ್ರಿಗೆ ಹೋಗ್ಲಿಲ್ಲ. ಆ ಜಾಗಕ್ಕೆ ಬೇರೆ ಯಾರೋ ಸೇರ್ಕೊಂಡ್ರು.

ನಾನ್ ಯಾಕ್ ಹಂಗಂದೆ ಅಂತ ಬಾಳ ಯೋಚ್ನೆ ಮಾಡಿದೀನಿ. ನಮ್ಮಲ್ಲಿ ಸಾವ್ರ ಜನ ಮೆಚ್ಚಿದ್ರೆ ಅಭಿಮಾನ ಅಂತಾರೆ, ಒಬ್ಳೇ ಮೆಚ್ಚಿದ್ರೆ ಹುಚ್ಚು ಅಂತಾರೆ. ಒಂಟಿ ಮೆಚ್ಚುಗೆಗೆ ಬೆಲೆ ಇದೆ ಅಂತ ನಂಗೂ ಗೊತ್ತಿರ್ಲಿಲ್ಲ, ಅದಕ್ಕೇ ಅದನ್ನ ಗುಂಪು ಮಾಡಿ ಕೊಟ್ಟೆ.

ಪ್ರೋಗ್ರಾಮ್ ಒಂದು ಭಾನುವಾರ ಮೂರು ಗಂಟೆಗೆ. ಪೋಸ್ಟರ್ ರೇಣು ಕೈಯಲ್ಲೇ ಬರೆದು ಬಸ್‌ಸ್ಟ್ಯಾಂಡಿಗೆಲ್ಲ ಅಂಟ್ಸಿದ್ದ. ನಾವು ಹಾಸ್ಟೆಲ್‌ನಲ್ಲಿ ಸ್ಪೆಷಲ್ ಕ್ಲಾಸು ಅಂತ ಸುಳ್ ಹೇಳಿ ಹೋದ್ವಿ. ಹಾಲ್ ತುಂಬ ಕಬ್ಬಿಣದ ಕುರ್ಚಿ. ಕೂತಿದ್ದೋರು ನಾವಿಬ್ರು, ನಂಜಣ್ಣ, ರೇಡಿಯೋ ರಿಪೇರಿಯೋನು, ರೇಣು ತಾಯಿ, ಬಿಸಿಲಿಗೆ ನೆರಳು ಹುಡುಕ್ಕೊಂಡು ಬಂದಿದ್ದ ಇಬ್ರು ಮುದುಕ್ರು. ನಮ್ಮನ್ನ ನೋಡಿ ನಂಜಣ್ಣ ಹಲ್ ಕಡಿದ, ಆದ್ರೆ ಖಾಲಿ ಹಾಲ್‌ನಲ್ಲಿ ಬೈಯಕ್ಕೆ ಅವ್ನಿಗೇ ನಾಚ್ಕೆಯಾಗಿರ್ಬೇಕು. ನಮ್ ಪಕ್ಕದಲ್ಲೇ ಬಂದು ಕೂತ.

ಮೂರೂವರೆ ಆಯ್ತು. ನಾಲ್ಕಾಯ್ತು. ರೇಣು ಸ್ಟೇಜ್ ಮೇಲೆ ಬಂದ. ಬಿಸ್ಕತ್ ಡಬ್ಬ ತೆಗ್ದ. ಜನ ಹೊರಗೆಲ್ಲೋ ನಿಂತಿರ್ಬೇಕು, ಹೆಸ್ರು ಕರೆದ್ರೆ ಒಳಗೆ ಬರ್ತಾರೆ ಅಂದ್ಕೊಂಡ್ನೇನೋ. ಮೈಕಲ್ಲಿ ಒಂದೊಂದೇ ಓದ್ದ.

"ಹೆಬ್ಬೂರಿನ ಸೋಮಶೇಖರ್ ಅವ್ರು ಬಂದಿದೀರಾ?"

ಫ್ಯಾನ್ ತಿರುಗೋ ಸದ್ದು.

"ಮಿತ್ರರು ಯಾರಾದ್ರೂ? ಯಡಿಯೂರು ಗಂಗಣ್ಣೋರು?"

ಡಬ್ಬ ಅರ್ಧ ಆಗೋವರ್ಗೂ ಓದ್ದ. ಒಂದೊಂದ್ ಹೆಸ್ರಿಗೂ ಬಾಗ್ಲು ನೋಡೋನು. ನಾವು ಹುಟ್ಟಿಸ್ದೋರನ್ನೆಲ್ಲ ಒಬ್ಬೊಬ್ರನ್ನೇ ನಮ್ ಮುಂದೆ ಕೊಂದಂಗಿತ್ತು. ಕೊನೆಗೆ ಇನಾಯತ್ ಮೆಲ್ಲಗೆ, "ಸಾಕು ರೇಣು ಭಾಯ್, ಬಾರ್ಸಣ" ಅಂದ.

ಬಾರ್ಸಿದ್ರು. ಒಂಬತ್ತು ಹಾಡು, ಒಂದೂ ಬಿಡ್ದೆ. ಅಷ್ಟು ಚೆನ್ನಾಗಿ ಅವ್ರು ಯಾವತ್ತೂ ಹಾಡಿರ್ಲಿಲ್ಲ. ಕೊನೇದು "ಯಾರಾದ್ರೂ ಇದೀರಾ." ಹಾಡಿ ನಿಲ್ಸ್‌ದ. ನಾಲ್ಕು ಎಣಿಸೋಷ್ಟು ಹೊತ್ತು. ಈ ಸಲ ಪಿಚ್ಚರ್ ಹಾಡು ಹಾಕು ಅಂತ ಕೂಗಕ್ಕೂ ಒಬ್ಬ ಇರ್ಲಿಲ್ಲ. "ಇದೀವಿ" ಅನ್ನಕ್ಕೆ ನನ್ ಬಾಯಿ ತೆಗ್ದಿತ್ತು, ದೇವ್ರಾಣೆಗೂ ತೆಗ್ದಿತ್ತು. ಪಕ್ಕದಲ್ಲಿ ನಂಜಣ್ಣ ಕೆಮ್ಮಿದ. ಮುಚ್ಕೊಂಡೆ.

ನಮ್ಮಜ್ಜಿ ಹೇಳೋರು, ಹಿಂದೆ ಕಂಪನಿ ನಾಟಕದಲ್ಲಿ ಸಾಯೋ ಸೀನ್ ಚೆನ್ನಾಗಿದ್ರೆ ಜನ ವನ್ಸ್ ಮೋರ್ ಅನ್ನೋರಂತೆ, ಸತ್ತಿದ್ದೋನು ಎದ್ದು ಮೀಸೆ ಸರಿ ಮಾಡ್ಕೊಂಡು ಮತ್ತೆ ಸಾಯೋನಂತೆ. ಕೇಳಿ ಬಿದ್ದು ಬಿದ್ದು ನಗ್ತಿದ್ದೆ. ಆ ಭಾನುವಾರದ್ಮೇಲೆ ಆ ಕತೆಗೆ ನಗು ಬಂದಿಲ್ಲ. ಅಷ್ಟು ತಿಂಗ್ಳು ಚೀಟಿ ಕಳ್ಸಿ ಕಳ್ಸಿ ನಾವ್ ಮಾಡಿದ್ದೂ ವನ್ಸ್ ಮೋರೇ.

ಪಾರ್ಟಿ ಮುರೀತು. ಇನಾಯತ್ ಮದ್ವೆ ಬ್ಯಾಂಡಿಗೆ ವಾಪಸ್ ಹೋದ. ರೇಣು ಆಟೋಗೆ ಮೈಕ್ ಕಟ್ಕೊಂಡು ಅನೌನ್ಸ್‌ಮೆಂಟ್ ಮಾಡೋ ಕೆಲ್ಸಕ್ಕೆ ಸೇರ್ಕೊಂಡ. ಲಾಟ್ರಿ, ಬಟ್ಟೆ ಅಂಗ್ಡಿ ಸೇಲು, ಯಾರಾದ್ರೂ ತೀರ್ಕೊಂಡ್ರೆ ಅಂತ್ಯಕ್ರಿಯೆ ಎಷ್ಟೊತ್ತಿಗೆ ಅನ್ನೋದು. ಒಂದ್ಸಲ ತುಮಕೂರಲ್ಲಿ ಆ ಗಂಟಲು ಕೇಳಿ, ಬರ್ತಿದ್ದ ಬಸ್ ಬಿಟ್ಟು ರೋಡಲ್ಲೇ ನಿಂತಿದ್ದೆ. ಸೋಪಿನ ಪುಡಿ ಬಗ್ಗೆ ಏನೋ ಹೇಳ್ತಿದ್ದ. ಎರಡು ವರ್ಷಕ್ಕೆ ಕಾಮಾಲೆ ಬಂತು, ಮಳೆಗಾಲ ದಾಟ್ಲಿಲ್ಲ. ಮೂವತ್ತೂ ತುಂಬಿರ್ಲಿಲ್ಲ. ಅವ್ನ ಸಾವು ಅನೌನ್ಸ್ ಮಾಡಕ್ಕೆ ಊರಲ್ಲಿ ಬೇರೆ ಗಂಟಲು ಹುಡುಕ್ಬೇಕಾಯ್ತು.

ಫ್ಯಾಕ್ಟ್ರಿಗೆ ಹೋಗಿದ್ರೆ ಕಾಮಾಲೆ ಬರ್ತಿರ್ಲಿಲ್ವಾ ಅಂತ ಮಂಗಳ ಕೇಳ್ತಾಳೆ. ನಂಗೊತ್ತಿಲ್ಲ. ಆದ್ರೆ ಆ ಹಾಲ್‌ನಲ್ಲಿ ಹೆಸ್ರು ಓದ್ಬೇಕಾಗ್ತಿರ್ಲಿಲ್ಲ, ಅದು ಗೊತ್ತು.

ಈಗ್ಯಾಕೆ ಇದೆಲ್ಲ ಅಂದ್ರೆ, ಹೋದ ತಿಂಗ್ಳು ಮಂಗಳ ಮನೆಗೆ ಬಂದಿದ್ಲು. ಕೈಯಲ್ಲಿ ಅದೇ ಬಿಸ್ಕತ್ ಡಬ್ಬ, ತುಕ್ಕು ಹಿಡಿದಿದೆ. ರೇಣು ತಾಯಿ ಹೋಗೋಕೆ ಮುಂಚೆ ನಂಜಣ್ಣನ ಕೈಗೆ ಕೊಟ್ಟಿದ್ರಂತೆ, ನಂಜಣ್ಣ ತೀರ್ಕೊಂಡ್ಮೇಲೆ ಅವ್ನ ಬೀರೂಲಿ ಸಿಕ್ತಂತೆ. ಅಂಗ್ಡೀಲಿ ಬಿಲ್ ಚುಚ್ಚಿಡ್ತಾರಲ್ಲ, ಹಂಗೆ ರೇಣು ಚೀಟಿನೆಲ್ಲ ತಂತಿಗೆ ಚುಚ್ಚಿ ಇಟ್ಟಿದ್ದ. ಎಲ್ಲಾ ನಮ್ವೇ. ಕೆಮಿಸ್ಟ್ರಿ ರೆಕಾರ್ಡಿನ ಗೆರೆ, ನನ್ ಎಡಗೈ ಅಕ್ಷರ. ಇಬ್ಬರು ಮುದುಕೀರು ಕೂತ್ಕೊಂಡು ನಮ್ ಸೋಮಶೇಖರನ್ನ, ಗಂಗಣ್ಣನ್ನ ಗುರ್ತು ಹಿಡಿದ್ವಿ, ಸ್ವಲ್ಪ ನಕ್ಕೂ ಬಿಟ್ವಿ.

ಡಬ್ಬದ ತಳದಲ್ಲಿ ಇನ್ನೊಂದಿತ್ತು. ತಂತಿಗೆ ಚುಚ್ಚಿರ್ಲಿಲ್ಲ, ಪ್ಲಾಸ್ಟಿಕ್ ಕವರ್‌ನಲ್ಲಿ ಮಡ್ಚಿ ಬೇರೆ ಇಟ್ಟಿದ್ದ. ಸಿಗರೇಟ್ ಪ್ಯಾಕಿನ ಒಳಗಡೆ ಕಾಗ್ದ, ಪೆನ್ಸಿಲ್ಲು, ಸೊಟ್ಟ ಅಕ್ಷರ. ನಂದಲ್ಲ. ಮಂಗಳಂದೂ ಅಲ್ಲ.

"ಯಾರಾದ್ರೂ ಇದೀರಾ ಹಾಡು ದಯವಿಟ್ಟು. ಹೋದ್ ಸಲ ಬಸ್ಸಿಗೆ ಹೊತ್ತಾಗಿ ಪೂರ್ತಿ ಕೇಳ್ಲಿಲ್ಲ. ಹುಲಿಯೂರುದುರ್ಗ."

ಹೆಸ್ರಿಲ್ಲ. ಕುಣಿಗಲ್ ಪ್ರೋಗ್ರಾಮಿಂದೇ ಇರ್ಬೇಕು, ಹುಲಿಯೂರುದುರ್ಗಕ್ಕೆ ಹತ್ರ ಆಗೋದು ಅದೇ. ಅವತ್ತು ಅನೌನ್ಸರ್ ಇದನ್ನ ಓದ್ಲಿಲ್ಲ. ಯಾಕ್ ಓದ್ಲಿಲ್ಲ ಅಂತ ನಿಮ್ಗೆ ಆಗ್ಲೇ ಹೇಳಿದೀನಿ. ತಟ್ಟೆ ತುಂಬ ನಮ್ವೇ ಇತ್ತು.

"ಇದೊಂದನ್ನೇ ಬೇರೆ ಇಟ್ಟಿದಾನೆ ಅಂದ್ರೆ, ಮಿಕ್ಕಿದ್ದು ನಮ್ದು ಅಂತ ಅವ್ನಿಗೆ ಗೊತ್ತಾಗಿತ್ತು ಕಣೇ" ಅಂದ್ಲು ಮಂಗಳ. ಇರ್ಬೋದು. ಗೊತ್ತಿದ್ದೂ ನಮ್ ಚೀಟಿ ಬಿಸಾಕಿಲ್ಲ ಅಂದ್ರೆ ಅದು ಇನ್ನೂ ಕಷ್ಟ ನಂಗೆ.

ಥಂಡರ್ ಬಾಯ್ಸ್‌ದು ಒಂದು ಕ್ಯಾಸೆಟ್ಟಿಲ್ಲ, ಒಂದು ಫೋಟೋ ಇಲ್ಲ. ಹಾಡು ಉಳಿದಿರೋದು ನಮ್ಮಿಬ್ಬರ ತಲೇಲಿ, ಅದ್ರಲ್ಲೂ ಎರಡನೇ ಚರಣಕ್ಕೆ ಜಗಳ ಇದೆ. ಹುಲಿಯೂರುದುರ್ಗದೋರೇ, ನೀವು ಯಾರೋ ಗೊತ್ತಿಲ್ಲ, ಬದುಕಿದ್ರೆ ಈಗ ನಮ್ ವಯಸ್ಸಿರುತ್ತೆ. ನಿಮ್ಗೆ ಆ ಹಾಡು ಪೂರ್ತಿ ಕೇಳಕ್ಕಾಯ್ತಾ? ಎರಡನೇ ಚರಣ ನೆನಪಿದ್ರೆ ಹೇಳಿ. ಮಿಕ್ಕಿದೋರೂ ಅಷ್ಟೇ, ಯಾರ ಹಾಡನ್ನ ಒಳಗೊಳಗೇ ಇಷ್ಟಪಟ್ಟು ಬಾಯ್ ಮುಚ್ಕೊಂಡಿದ್ರಿ, ಕೆಳಗೆ ಬರೀರಿ. ಒಂದೇ ಕಂಡೀಷನ್ನು, ಸ್ವಂತ ಹೆಸ್ರಲ್ಲಿ, ಊರ್ ಸಮೇತ. ಮೊದ್ಲು ನಂದೇ ಹಾಕ್ತೀನಿ.

ಹಾಡು: ಯಾರಾದ್ರೂ ಇದೀರಾ. ನಾನಿದೀನಿ ರೇಣಣ್ಣ. ವಿಶಾಲಾಕ್ಷಿ, ಕುಣಿಗಲ್.