ಬೆಳಗಿನ ಸದ್ದು

ಲಾಂಡ್ರಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬಾಯ್ಲರ್ ನೋಡಿಕೊಳ್ಳುವವನು, ಆದ್ದರಿಂದ ಬಾಯ್ಲರಣ್ಣ. ಅವನಿಗಿಂತ ದೊಡ್ಡ ವಯಸ್ಸಿನ ಹೆಂಗಸರೂ ಹಾಗೇ ಕರೆಯುತ್ತಿದ್ದರು, ಮಾಲೀಕರೂ ಹಾಗೇ ಕರೆಯುತ್ತಿದ್ದರು. ಊರಿನ ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಟವೆಲು ಎಲ್ಲ ಮೂಟೆಮೂಟೆಯಾಗಿ ಅಲ್ಲಿಗೇ ಬಂದು ಬೀಳುತ್ತಿದ್ದವು. ಹಿಂಬದಿಯ ತಗಡಿನ ಕೋಣೆಯಲ್ಲಿ ಬಾಯ್ಲರು. ಅದರ ಉಗಿ ಗೋಡೆಯುದ್ದಕ್ಕೂ ಹರಿದ ಪೈಪುಗಳಲ್ಲಿ ಒಗೆಯುವ ಯಂತ್ರಗಳಿಗೂ ಇಸ್ತ್ರಿ ಹಾಲಿನ ಪ್ರೆಸ್ಸುಗಳಿಗೂ ಹೋಗುತ್ತಿತ್ತು. ಬಾಯ್ಲರು ನಿಂತರೆ ಲಾಂಡ್ರಿಯೇ ನಿಂತ ಹಾಗೆ. ಅದಕ್ಕೇ ಅವನು ತುಸು ಮೆರೆಯುತ್ತಿದ್ದ ಅಂದರೂ ಸುಳ್ಳಲ್ಲ. ಮೆರೆಯಲಿ ಬಿಡಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡುವವನಿಗೆ ಅಷ್ಟಾದರೂ ಬೇಡವೇ?

ಬಾಯ್ಲರ್ ಕೋಣೆಯ ಗೋಡೆಗೆ ಸುರಕ್ಷತಾ ನಿಯಮಗಳ ಬೋರ್ಡು ತಗುಲಿಹಾಕಿದ್ದರು. ಗೋಡೆಯ ಮೇಲಿನ ನಿಯಮಗಳನ್ನು ಯಾರು ಓದುತ್ತಾರೆ ಹೇಳಿ? ಸುಣ್ಣ ಬಳಿಯಲು ಬಂದವನೊಬ್ಬ ನೋಡುತ್ತಾನೆ, ಅದೂ ಬೋರ್ಡು ಎಲ್ಲಿಂದ ಎಲ್ಲಿಯವರೆಗಿದೆ ಎಂದು ತಿಳಿಯುವುದಕ್ಕೆ. ಬಾಯ್ಲರಣ್ಣನಿಗೆ ಕೆಲಸ ಕಲಿಸಿದ ಮುದಿ ಮೇಸ್ತ್ರಿ ಬೋರ್ಡು ಓದಿಸುವ ಗೋಜಿಗೆ ಹೋಗದೆ ಒಂದೊಂದನ್ನೂ ಕೈಹಿಡಿದು ಮಾಡಿಸಿದ್ದರು. ಬೆಂಕಿ ಹಚ್ಚುವ ಮುಂಚೆ ಗಾಜಿನ ಕೊಳವೆಯಲ್ಲಿ ನೀರೆಷ್ಟಿದೆ ನೋಡಬೇಕು. ಉಗಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಹೋದರೆ ಇದ್ದಬದ್ದ ಕೆಲಸ ಬಿಟ್ಟು ಅದರ ಮುಂದೆ ನಿಲ್ಲಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬಾಯ್ಲರಿನ ನೆತ್ತಿಯ ಮೇಲಿರುವ ಸೇಫ್ಟಿ ವಾಲ್ವನ್ನು ದಿನಾ ಎಳೆದು ನೋಡಬೇಕು. ಒಳಗೆ ಉಗಿ ಅತಿಯಾದಾಗ ತಾನಾಗಿ ತೆರೆದು ಹೊರಗೆ ಬಿಡುವ ಮುಚ್ಚಳ ಅದು. ಬಿಗಿಯಾದ ಸ್ಪ್ರಿಂಗೊಂದು ಅದನ್ನು ಒತ್ತಿ ಹಿಡಿದಿರುತ್ತದೆ. ದಿನಾ ಏಳದಿದ್ದರೆ ನೀರಿನ ಕಿಟ್ಟ ಕಟ್ಟಿ ಕೂತಲ್ಲೇ ಕಚ್ಚಿಕೊಂಡುಬಿಡುತ್ತದೆ.

“ಉಗಿ ತುಂಬಿರೋವಾಗ್ಲೇ ಎಳಿ,” ಎಂದಿದ್ದರು ಮೇಸ್ತ್ರಿ. “ತಣ್ಣಗಾದ ಮೇಲೆ ಎಳೆದ್ರೆ ಅದು ಬರೀ ಶಾಸ್ತ್ರ.”

ಹಾಗಾಗಿ ದಿನಾ ಬೆಳಿಗ್ಗೆ ಉಗಿ ಏರಿದ ಮೇಲೆ ಬಾಯ್ಲರಣ್ಣ ಸ್ಪ್ಯಾನರಿನಿಂದ ಪೈಪಿಗೆ ಟಣಟಣ ಬಡಿಯುತ್ತಿದ್ದ. ಕಿವಿ ಮುಚ್ಚಿಕೊಳ್ಳಿ ಎಂಬ ಸೂಚನೆ ಅದು. ಆಮೇಲೆ ಹಿಡಿಕೆ ಎಳೆದರೆ ಭರ್ರೆಂದು ಇಡೀ ಬೀದಿಗೇ ಕೇಳುವ ಸದ್ದು, ಮಾಡಿನ ಮೇಲೆ ಬೆಳ್ಳನೆಯ ಉಗಿ. ಎದುರುಗಡೆಯ ಸೈಕಲ್ ರಿಪೇರಿಯವನು ಅದನ್ನು ಕೇಳಿದ ಮೇಲೇ ಅಂಗಡಿಯ ಬಾಗಿಲು ಎತ್ತುತ್ತಿದ್ದ.

ಹೀಗೇ ವರ್ಷಗಳು ಸರಾಗವಾಗಿ ಸಾಗಿದವು. ಮದುವೆಯ ಮಾತೆತ್ತಿದವರಿಗೆಲ್ಲ ಅವನು, ಬಾಯ್ಲರೊಂದನ್ನು ಸಂಭಾಳಿಸಿದರೆ ಸಾಕಾಗಿದೆ ಎಂದು ನಗೆಯಾಡಿ ಜಾರಿಕೊಂಡ. ಅಷ್ಟರಲ್ಲಿ ಅವನ ತಂಗಿಯ ಗಂಡ ತೀರಿಕೊಂಡ. ಬೇರೆ ದಿಕ್ಕಿಲ್ಲದ ಅವಳು ಅಣ್ಣನ ಎರಡು ಕೋಣೆಯ ಮನೆಗೆ ಬಂದಳು, ಕೆಲವು ದಿನ ಕಳೆದ ಮೇಲೆ ಅದೇ ಲಾಂಡ್ರಿಯ ಇಸ್ತ್ರಿ ಹಾಲಿಗೂ ಬಂದಳು.

ತಂಗಿಯನ್ನು ಅವನು ಚಿಕ್ಕಂದಿನಿಂದ ಗುಬ್ಬಿ ಎಂದೇ ಕರೆಯುತ್ತಿದ್ದುದು. ಕಾರಣ ಇಷ್ಟೇ: ತಟ್ಟೆ ಬಿದ್ದರೆ ಬೆಚ್ಚುತ್ತಿದ್ದಳು, ಬಾಗಿಲು ದಢಾರೆಂದರೆ ಬೆಚ್ಚುತ್ತಿದ್ದಳು. ಬಾಗಿಲ ಹಿಂದೆ ಅಡಗಿ ನಿಂತು ಭೋ ಎಂದು ಕೂಗುವುದು ಅವನ ಆಟ. ಅವಳು ಅಳುತ್ತಲೂ ಇರಲಿಲ್ಲ, ಅಮ್ಮನಿಗೆ ಚಾಡಿ ಹೇಳುತ್ತಲೂ ಇರಲಿಲ್ಲ. ಅವನ ಬಾಯಿಗೆ ಪುಟ್ಟ ಕೈ ಅಡ್ಡ ಹಿಡಿದು, “ಅಷ್ಟು ಜೋರಾಗಿ ಬೇಡ ಅಣ್ಣ, ಬೆಚ್ಚಿಬೀಳ್ತೀನಿ,” ಎನ್ನುತ್ತಿದ್ದಳು, ಅಷ್ಟೇ. ಅಂಥವಳನ್ನು ತಂದು ಬಾಯ್ಲರಿನ ಪಕ್ಕದ ಹಾಲಿನಲ್ಲಿ ನಿಲ್ಲಿಸಿದರೆ ಇನ್ನೇನಾಗುತ್ತದೆ?

ಟಣಟಣ ಸದ್ದಿಗೆ ಬೇರೆ ಹೆಂಗಸರೆಲ್ಲ ಕಿವಿಗೆ ಬೆರಳಿಟ್ಟು ಮಾತು ಮುಂದುವರಿಸಿದರೆ, ಇವಳಿಗೆ ಆ ಟಣಟಣಕ್ಕೇ ಕೈಕಾಲು ತಣ್ಣಗಾಗುತ್ತಿತ್ತು. ಹೆಂಗಸರು ನಗುತ್ತಿದ್ದರು, ಇವಳೂ ಅವರ ಜೊತೆ ನಗುತ್ತಿದ್ದಳು. ಒಂದು ಬೆಳಿಗ್ಗೆ ವಾಲ್ವಿನ ಸದ್ದಿಗೆ ಹೌಹಾರಿ ಹಿಂದೆ ಸರಿದವಳ ಮಣಿಕಟ್ಟು ಪ್ರೆಸ್ಸಿನ ಕಾದ ತಗಡಿಗೆ ತಾಗಿತು. ಸಂಜೆ ಮನೆಯಲ್ಲಿ ಸೆರಗನ್ನು ಎಳೆದುಕೊಂಡು ಸುಟ್ಟ ಜಾಗ ಮುಚ್ಚಿದ್ದಳು. ಊಟಕ್ಕೆ ಬಡಿಸುವಾಗ ಅವನ ಕಣ್ಣಿಗೆ ಬಿತ್ತು. ಅವಳು ಒಂದು ಮಾತು ದೂರಿದ್ದರೆ, ಕೆಲಸ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದು ಗದರಿ ಸುಮ್ಮನಾಗುತ್ತಿದ್ದನೇನೋ. ಅವಳು ಸೆರಗನ್ನು ಮತ್ತೆ ಮಣಿಕಟ್ಟಿನ ಮೇಲೆ ಎಳೆದುಕೊಂಡು ಸಾರು ಬಡಿಸಿದಳು. ಅವನು ತಟ್ಟೆ ಸರಿಸಿಟ್ಟು ಮುಲಾಮು ತಂದು ಹಚ್ಚಿದ.

ಮರುದಿನದಿಂದ ವಾಲ್ವ್ ಎಳೆಯುವುದನ್ನು ಅವನು ಮಧ್ಯಾಹ್ನದ ಊಟದ ಹೊತ್ತಿಗೆ ಹಾಕಿದ. ಆದರೆ ಅವಳು ಊಟಕ್ಕೆ ಕೂರುತ್ತಿದ್ದುದು ಹಿಂದಿನ ಅಂಗಳದಲ್ಲಿ, ಉಗಿ ಹೊರಬರುವ ಪೈಪಿನ ಕೆಳಗೇ. ಸದ್ದಿಗೆ ಅವಳ ಕೈಯಲ್ಲಿದ್ದ ಡಬ್ಬಿ ಜಾರಿ ಅನ್ನ ನೆಲದ ಪಾಲಾಯಿತು. ಸರಿ, ಅವಳು ಮನೆಗೆ ಹೊರಟ ಮೇಲೆ ಸಂಜೆ ಎಳೆಯೋಣ ಎಂದುಕೊಂಡ. ಸಂಜೆಯ ಹೊತ್ತಿಗೆ ಬೆಂಕಿ ಆರಿ ಉಗಿ ಇಳಿದಿರುತ್ತಿತ್ತು. ಒಳಗಿನಿಂದ ಒತ್ತುವ ಉಗಿಯಿಲ್ಲದಿದ್ದರೆ ಆ ಸ್ಪ್ರಿಂಗು ಮನುಷ್ಯನ ಕೈಗೆ ಬಗ್ಗುವಂಥದ್ದಲ್ಲ. ಹಿಡಿಕೆ ತನ್ನ ಸಡಿಲದಷ್ಟು ಮಾತ್ರ ಆಡಿ ಟಕ್ ಎನ್ನುತ್ತಿತ್ತು. ಮುಚ್ಚಳ ಏಳುತ್ತಿರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಬರೀ ಶಾಸ್ತ್ರ ಎಂದ ಮೇಸ್ತ್ರಿಯ ಮಾತು ಮೊದಲ ಕೆಲವು ಸಂಜೆ ಕಿವಿಯಲ್ಲಿ ಗುಂಯ್ಗುಟ್ಟಿತು ಕೂಡ. ದಿನ ಕಳೆದ ಹಾಗೆ ಆ ಟಕ್ ಎಂಬ ಸದ್ದೇ ಅವನಿಗೆ ಸಮಾಧಾನ ಕೊಡತೊಡಗಿತು. ಸೂಪರ್‌ವೈಸರ್ ಕೇಳಿದರೆ ಎಳೆದಿದ್ದೇನೆ ಸಾರ್ ಎನ್ನುತ್ತಿದ್ದ. ಹಿಡಿಕೆಯನ್ನು ಎಳೆದಿದ್ದಂತೂ ಹೌದಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಇತ್ತ ಇಸ್ತ್ರಿ ಹಾಲಿನಲ್ಲಿ ಬೆಳಗುಗಳು ತಣ್ಣಗೆ ಕಳೆಯತೊಡಗಿದವು. ತಂಗಿಯ ಮುಖದಲ್ಲಿ ಕಳೆ ಬಂತು. ಪ್ರೆಸ್ಸಿನ ಮುಂದೆ ಗುನುಗುತ್ತಾಳೆ ಎಂದು ಯಾರೋ ಬಂದು ಹೇಳಿದಾಗ ಬಾಯ್ಲರಣ್ಣನ ಎದೆ ಉಬ್ಬಿತು. ಪಾಪ, ಅವನಿಗಾದ ಆ ಸಂತೋಷವನ್ನು ಹೇಗೆ ಬೈಯುವುದು? ಸೈಕಲ್ ರಿಪೇರಿಯವನು ಮಾತ್ರ, ನಿನ್ನ ದೆಸೆಯಿಂದ ಅಂಗಡಿ ತೆರೆಯುವುದು ತಡವಾಗುತ್ತಿದೆ ಮಾರಾಯ ಎಂದು ತಮಾಷೆ ಮಾಡಿದ. ಬಾಯ್ಲರಣ್ಣ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಸ್ಪತ್ರೆಯ ಬಟ್ಟೆ ರಾಶಿ ಬಿದ್ದಿದ್ದ ಒಂದು ದಿನ ಅದು ಆಯಿತು. ಉಗಿ ಸಾಕಾದಾಗ ಬೆಂಕಿಯನ್ನು ತಾನಾಗಿ ಆರಿಸಬೇಕಾದ ಸ್ವಿಚ್ಚು ಕೈಕೊಟ್ಟಿತು. ನೀರಿನ ಪಂಪು ಗೊರಗೊರ ಎನ್ನುತ್ತಿದೆ ಎಂದು ನೋಡಲು ಹೋಗಿದ್ದ ಬಾಯ್ಲರಣ್ಣ ತಿರುಗಿ ಬಂದು ನೋಡುತ್ತಾನೆ, ಮುಳ್ಳು ಕೆಂಪು ಗೆರೆ ದಾಟಿ ಹೋಗಿದೆ. ನೆತ್ತಿಯ ಮೇಲೆ ವಾಲ್ವು ಗಪ್‌ಚಿಪ್. ಓಡಿಹೋಗಿ ಉರಿಗೆ ಹರಿಯುವ ಎಣ್ಣೆ ನಿಲ್ಲಿಸಿದ, ಬೆಂಕಿ ಆರಿತು. ಏಣಿ ಹತ್ತಿ ಹಿಡಿಕೆಗೆ ಎರಡೂ ಕೈ ಹಾಕಿ ಜೋತುಬಿದ್ದ. ಒಳಗೆ ಅಷ್ಟು ಉಗಿ ಒತ್ತುತ್ತಿದ್ದರೂ ಅದು ಜಪ್ಪಯ್ಯ ಅನ್ನಲಿಲ್ಲ.

ಬಾಯ್ಲರು ತಡೆದುಕೊಂಡಿತು, ಪೈಪು ತಡೆದುಕೊಳ್ಳಲಿಲ್ಲ. ಇಸ್ತ್ರಿ ಹಾಲಿನಲ್ಲಿ ಪೈಪಿನ ಒಂದು ಜೋಡಣೆಗೆ ಉಗಿ ಸೋರದಂತೆ ಹಾಕಿದ್ದ ಗ್ಯಾಸ್ಕೆಟ್ ಹಾರಿಹೋಯಿತು. ಗೋಡೆಯುದ್ದಕ್ಕೂ ಅಷ್ಟೊಂದು ಜೋಡಣೆಗಳಿರುವಾಗ ಹಾರಿದ್ದು ಅವನ ತಂಗಿಯ ಪ್ರೆಸ್ಸಿನ ಪಕ್ಕದ್ದೇ. ಗೋಡೆಯಾಚೆಯ ಆ ಸಿಡಿತವನ್ನು ಬಾಯ್ಲರಣ್ಣ ಏಣಿಯ ಮೇಲಿಂದಲೇ ಕೇಳಿದ. ಇಳಿದು ಉಗಿಯ ದಾರಿ ಮುಚ್ಚಿ ಹಾಲಿಗೆ ನುಗ್ಗಿದರೆ ಬಿಳಿ ಮಬ್ಬಿನಲ್ಲಿ ಹೆಂಗಸರ ಕೆಮ್ಮು, ಅಳು. ತಂಗಿ ಒದ್ದೆ ಹಾಸುಬಟ್ಟೆಗಳ ಗಾಡಿಯ ಪಕ್ಕ ಕುಸಿದಿದ್ದಳು. ಬಲಗಡೆಯ ಭುಜ, ಕತ್ತು ಬೆಂದಿದ್ದವು. ಗುಬ್ಬಿ ಗುಬ್ಬಿ ಎಂದು ಕೂಗಿದ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು.

ಸುಟ್ಟದ್ದು ಕಾಲಕ್ರಮದಲ್ಲಿ ಮಾಯಿತು. ಆ ಸಿಡಿತಕ್ಕೆ ಹೋದ ಕಿವಿ ಮರಳಿ ಬರಲಿಲ್ಲ. ಬಲಗಿವಿ ಪೂರ್ತಿ ಹೋಯಿತು ಎಂದರು ಡಾಕ್ಟರು. ಎಡಗಿವಿಗೆ ಬಾಯಿಟ್ಟು ಕಿರುಚಿದರೆ ಒಂದಿಷ್ಟು ಕೇಳಬಹುದು ಎಂದರು.

ಇನ್‌ಸ್ಪೆಕ್ಟರು ಬಂದು ವಾಲ್ವ್ ಬಿಚ್ಚಿಸಿ ನೋಡಿದರು. ಮುಚ್ಚಳ ಕಿಟ್ಟದಲ್ಲಿ ಹೂತುಹೋಗಿತ್ತು. ದಿನಾ ಎಳೆಯುತ್ತಿದ್ದಿರಾ ಎಂದು ಕೇಳಿದರು. ಸಂಜೆ, ಬೆಂಕಿ ಆರಿಸಿದ ಮೇಲೆ ಎಳೆಯುತ್ತಿದ್ದೆ ಎಂದು ಅವನು ನಿಜವನ್ನೇ ಹೇಳಿದ. ಅದರಿಂದ ಪ್ರಯೋಜನವಿಲ್ಲ ಎಂದು ಗೊತ್ತಿತ್ತೇ ಎಂದರು. ಗೊತ್ತಿತ್ತು ಎಂದ.

“ಗೊತ್ತಿದ್ದೂ ಸಂಜೆ ಯಾಕ್ರೀ ಎಳೀತಿದ್ರಿ?”

ತಂಗಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. “ಸೋಮಾರಿತನ ಸಾರ್,” ಎಂದ. ಹಾಗೇ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಬಾಯ್ಲರ್ ಮುಟ್ಟುವ ಲೈಸೆನ್ಸು ಹೋಯಿತು. ಹಳೆಯ ಮನುಷ್ಯ ಎಂದು ಮಾಲೀಕರು ಕೆಲಸದಿಂದ ತೆಗೆಯದೆ ಒದ್ದೆ ಬಟ್ಟೆಯ ಗಾಡಿ ತಳ್ಳಲು ಹಾಕಿದರು. ಬಾಯ್ಲರಣ್ಣ ಎಂದು ಕರೆಯಲು ಜನರಿಗೆ ಬಾಯಿ ಬರಲಿಲ್ಲ, ಬೇರೆ ಹೆಸರೂ ಹೊಳೆಯಲಿಲ್ಲ. ಇಲ್ಲಿ ನೋಡಿ ಎನ್ನುತ್ತಿದ್ದರು.

ಇದೆಲ್ಲ ಅವನಿಗೆ ಹೆಚ್ಚು ನೋಯಲಿಲ್ಲ. ನೋಯುತ್ತಿದ್ದುದು ತಂಗಿ ಅವನನ್ನು ಸಮಾಧಾನ ಮಾಡುವಾಗ. ಅವನು ತಲೆ ತಗ್ಗಿಸಿ ಕೂತಾಗೆಲ್ಲ ಅವಳು ಬಂದು, ಯಂತ್ರ ಕೆಟ್ಟರೆ ನೀನೇನು ಮಾಡೋಕಾಗುತ್ತೆ ಎಂದು ಬೆನ್ನು ಸವರುತ್ತಿದ್ದಳು. ಕೆಟ್ಟದ್ದು ಯಂತ್ರವಲ್ಲ, ಕೆಡಿಸಿದವನು ನಾನು ಎಂದು ಹೇಳಲೇಬೇಕು. ಆದರೆ ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ನಿನಗೋಸ್ಕರ ಎಂದರೆ ತಪ್ಪನ್ನು ಅವಳ ತಲೆಗೇ ಕಟ್ಟಿದ ಹಾಗೆ. ಇನ್ನು ಹೇಳುವುದಾದರೂ ಹೇಗೆ? ಇಂಥದ್ದನ್ನು ಪಕ್ಕದಲ್ಲಿ ಕೂತು ಮೆತ್ತಗೆ ಹೇಳಬೇಕು. ಅವಳಿಗೆ ಏನು ಹೇಳಿದರೂ ಕಿರುಚಿಯೇ ಹೇಳಬೇಕು. ಗೋಡೆಯಾಚೆಯ ಮನೆಯವರು ಸೀನಿದರೆ ಈಚೆ ಕೇಳುವ ಮನೆ ಅದು. ಬರೆದು ತೋರಿಸಬಹುದಿತ್ತು, ಅವಳು ಓದುವುದನ್ನು ನೋಡುತ್ತ ಎದುರಿಗೆ ಕೂರುವ ಧೈರ್ಯ ಅವನಿಗೆ ಬರಲಿಲ್ಲ.

ಸ್ವಲ್ಪ ದಿನಗಳ ಮೇಲೆ ತಂಗಿ ಲಾಂಡ್ರಿಗೆ ವಾಪಸಾದಳು, ಈ ಸಲ ಬಟ್ಟೆ ಮಡಿಸುವ ಮೇಜಿಗೆ. ಬಾಯ್ಲರಿಗೆ ಹೊಸ ವಾಲ್ವು ಬಂದಿತ್ತು, ನೋಡಿಕೊಳ್ಳಲು ಹೊಸಬಳೊಬ್ಬಳು ಬಂದಿದ್ದಳು. ದಿನಾ ಬೆಳಿಗ್ಗೆ ಟಣಟಣ ಬಡಿದು ಹಿಡಿಕೆ ಎಳೆಯುತ್ತಿದ್ದಳು. ಭರ್ರೆಂಬ ಸದ್ದು ಮಾಡು ನಡುಗಿಸುತ್ತಿತ್ತು. ಗಾಡಿ ತಳ್ಳುತ್ತಿದ್ದವನು ನಿಂತು ಮಡಿಸುವ ಮೇಜಿನ ಕಡೆ ನೋಡುತ್ತಿದ್ದ. ಅವನ ಗುಬ್ಬಿ ತಲೆ ಎತ್ತದೆ ಟವೆಲಿನ ಅಂಚು ಕೂಡಿಸುತ್ತಿದ್ದಳು. ಒಂದೇ ಒಂದು ಸಲ ಬೆಚ್ಚಬಾರದೇ ಎಂದು ಅವನ ಜೀವ ಒದ್ದಾಡುತ್ತಿತ್ತು. ದೇವರೇ, ಬೆಚ್ಚದಿರಲಿ ಎಂದು ತಾನೇ ಅವನು ಅಷ್ಟೆಲ್ಲ ಮಾಡಿದ್ದು.

ಒಂದು ಸಂಜೆ ಕೆಲಸ ಬಿಟ್ಟು ಬಂದವಳು ಚೀಲವನ್ನು ಮೂಲೆಗೆ ಒಗೆದು ಅವನ ಎದುರಿಗೆ ನೆಲದ ಮೇಲೆ ಕೂತಳು. ಮುಖ ಕೆಂಪಗಾಗಿತ್ತು. ಮಡಿಸುವ ಮೇಜಿನವರು ಏನೋ ಹೇಳಿದ್ದರು, ಅವಳಿಗೆ ಅರ್ಥವಾಗುವವರೆಗೂ ಬಿಡದೆ ಹೇಳಿದ್ದರು. ತನ್ನ ದನಿ ತನಗೇ ಕೇಳದಿದ್ದುದರಿಂದ ಅವಳೂ ಈಗ ಜೋರಾಗಿಯೇ ಮಾತಾಡುತ್ತಿದ್ದಳು.

“ಸೋಮಾರಿತನ ಅಂತ ಬರ್ಸಿದ್ಯಂತೆ. ನೀನು ಸೋಮಾರಿನಾ? ಜ್ವರ ಬಂದಾಗ್ಲೂ ಬಾಯ್ಲರ್ ಹತ್ರ ಹೋಗ್ತಿದ್ದೋನು ನೀನು.”

ಅವನು ಬೇಡ ಎಂದು ಕೈ ಆಡಿಸಿದ. ಅವಳು ನಿಲ್ಲಿಸಲಿಲ್ಲ.

“ಬೆಳಿಗ್ಗೆ ಸದ್ದು ನಿಂತಾಗ್ಲೇ ನಂಗೆ ಗೊತ್ತಾಗಿತ್ತು, ನನಗೋಸ್ಕರ ನಿಲ್ಸಿದ್ದೀಯ ಅಂತ. ಯಾಕೆ ನಿಲ್ಸಿದೆ, ನಿಲ್ಸಿದ್ರೆ ಪರವಾಗಿಲ್ವಾ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. ಹಾಯಾಗಿತ್ತು ಅಣ್ಣ, ಅದಕ್ಕೇ ಸುಮ್ನಿದ್ದೆ. ಅಲ್ಲಿ ಪ್ರೆಸ್ ಮಾಡೋರೆಲ್ಲ ಸತ್ತೇ ಹೋಗ್ಬೋದಿತ್ತು, ನಾನು ಹಾಡು ಗುನುಗ್ತಾ ಇದ್ದೆ.”

ತಾನು ಯಾವುದನ್ನು ಅವಳಿಂದ ದೂರ ಇಡಲು ಒದ್ದಾಡುತ್ತಿದ್ದನೋ ಅದನ್ನು ಅವಳು ಆಗಲೇ ಹೊತ್ತುಕೊಂಡು ತಿರುಗುತ್ತಿದ್ದಳು. ಒಬ್ಬಳೇ, ಅವನ ಬೆನ್ನು ಸವರುತ್ತಲೇ. ಅವನು ಮೊಣಕಾಲೂರಿ ಅವಳ ಎಡಗಿವಿಯ ಹತ್ತಿರ ಬಾಯಿಟ್ಟ. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ತಪ್ಪು ನಂದು,” ಎಂದು ಕೂಗಿದ. ಅವಳು ಕೇಳಿಸಲಿಲ್ಲ ಎಂಬಂತೆ ಹುಬ್ಬು ಗಂಟಿಕ್ಕಿದಳು. “ನಂಗೆ ಕಲ್ಸಿದ್ರು, ನಂಗೆ ಗೊತ್ತಿತ್ತು! ನಿಂದಲ್ಲ ಗುಬ್ಬಿ, ನಂದು!”

ಗೋಡೆಯಾಚೆ ರೇಡಿಯೋ ನಿಂತಿತು. ಯಾರು ಬೇಕಾದರೂ ಕೇಳಿಸಿಕೊಳ್ಳಲಿ ಎಂದು ಅವನು ಮತ್ತೊಮ್ಮೆ ಕೂಗಿದ, ದನಿ ಒಡೆಯುವವರೆಗೂ ಕೂಗಿದ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮಣಿಕಟ್ಟಿನ ಹಳೆಯ ಗಾಯದ ಗುರುತಿದ್ದ ಆ ಕೈಯನ್ನು ಎತ್ತಿ ಅವನ ಬಾಯಿಗೆ ಅಡ್ಡ ಹಿಡಿದಳು.

“ಅಷ್ಟು ಜೋರಾಗಿ ಬೇಡ ಅಣ್ಣ,” ಎಂದಳು. “ಬೆಚ್ಚಿಬೀಳ್ತೀನಿ.”

ಹಾಗೆಂದವಳು ಕೂತಲ್ಲಿಂದ ಒಂದಿಷ್ಟೂ ಅಲುಗಿರಲಿಲ್ಲ.